ಕೆಂಪು ಗೆರೆಯ ಕೆಳಗೆ

‘ಆ ಮೂಲೆ ಕುರ್ಚಿಗೆ ಯಾರನ್ನ ಕೂರಿಸೋದು?’ ಎಂದು ಮುಖ್ಯೋಪಾಧ್ಯಾಯಿನಿ ಕೇಳಿ ಮುಗಿಸುವ ಮೊದಲೇ ಅವನು, ‘ನನ್ನ ಮಗಳು ಕೂತ್ಕೋತಾಳೆ ಬಿಡಿ ಮೇಡಂ’ ಎಂದುಬಿಟ್ಟಿದ್ದ.

ಅಂದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಅವನ ಬಾಯಿ ಇಷ್ಟು ಚುರುಕಾಗಿ ಓಡುವುದು ಈಚೆಗೆ ಅಪರೂಪ. ಮನೆಯಲ್ಲಿ ಹೆಂಡತಿ ಏನಾದರೂ ಕೇಳಿದರೆ, ಅವನು ಉತ್ತರ ಹುಡುಕಿ ತರುವಷ್ಟರಲ್ಲಿ ಅವಳು ಇನ್ನೊಂದು ಕೋಣೆಗೆ ಹೋಗಿರುತ್ತಿದ್ದಳು.

‘ನೋಡಿ, ಇದಕ್ಕೇ ನಿಮ್ಮನ್ನ ಕಂಡ್ರೆ ನಂಗೆ ಗೌರವ,’ ಎಂದರು ಮುಖ್ಯೋಪಾಧ್ಯಾಯಿನಿ. ‘ಬೇರೆಯವರಾಗಿದ್ರೆ ಸ್ವಂತ ಮಗಳನ್ನ ಮೊದಲನೇ ಸಾಲಿಗೆ ತಂದು ಕೂರಿಸೋರು.’

‘ಹಾಗೇನಿಲ್ಲ. ಎಲ್ಲಾ ಕುರ್ಚಿನೂ ಒಂದೇ ಅಲ್ವಾ.’

ಒಂದೇ ಅಲ್ಲ ಎಂದು ಆ ಕಟ್ಟಡದಲ್ಲಿ ಗೊತ್ತಿದ್ದವನು ಅವನೊಬ್ಬನೇ. ಹೊಗಳಿಕೆಯನ್ನು ಮಾತ್ರ ಬೇಡವೆನ್ನಲಿಲ್ಲ. ತಲೆ ತಗ್ಗಿಸಿ ಸಣ್ಣಗೆ ನಕ್ಕ.

ಹೊಸ ಹೈಸ್ಕೂಲು ಅವನ ಕೈಯಿಂದ ಎದ್ದದ್ದು. ಫ್ಯಾನಿಲ್ಲ, ಏಸಿಯಿಲ್ಲ. ಪಾಯಕ್ಕೆ ತೋಡಿದ ಮಣ್ಣನ್ನೇ ಅಚ್ಚಿನಲ್ಲಿ ಒತ್ತಿ ಮಾಡಿದ ಇಟ್ಟಿಗೆಗಳ ದಪ್ಪ ಗೋಡೆ. ಚಾವಣಿಯ ಕಾಂಕ್ರೀಟಿನೊಳಗೆ ಬೋರಲಾಗಿ ಹುದುಗಿಸಿದ ಮಣ್ಣಿನ ಕುಡಿಕೆಗಳು. ಉತ್ತರಕ್ಕೆ ದೊಡ್ಡ ಕಿಟಕಿ, ಅದರಾಚೆ ಮಳೆನೀರು ನಿಲ್ಲುವ ಕೊಳ. ಕೊಳದ ಮೇಲಿಂದ ತಂಪಾಗಿ ಬಂದ ಗಾಳಿ ತರಗತಿಯನ್ನು ಹಾದು, ಮಕ್ಕಳ ಮೈಬಿಸಿಯನ್ನು ಹೊತ್ತುಕೊಂಡು, ಎದುರು ಗೋಡೆಗೆ ಅಂಟಿದ ಎತ್ತರದ ಗೋಪುರದೊಳಗೆ ಏರಿ ಆಕಾಶಕ್ಕೆ ಹೋಗಬೇಕು. ‘ನಮ್ಮ ಆರ್ಕಿಟೆಕ್ಟ್ ಸಾಹೇಬರು ಗಾಳಿಗೋಪುರ ಕಟ್ತಿದಾರಪ್ಪಾ’ ಎಂದು ಆಡಳಿತ ಮಂಡಳಿಯ ಅಧ್ಯಕ್ಷರು ತುಂಬಿದ ಸಭೆಯಲ್ಲಿ ಹಾಸ್ಯ ಮಾಡಿದ್ದರು. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಮನೆಗೆ ಬಂದು ಊಟ ಬಿಟ್ಟು ಮಲಗಿದ್ದ.

ಇವತ್ತು ಆ ಗೋಪುರದ ಪರೀಕ್ಷೆ. ಒಂದು ತರಗತಿಯ ತುಂಬ ಮಕ್ಕಳನ್ನು ಕೂರಿಸಿ, ಮಧ್ಯಾಹ್ನದ ಬಿಸಿಲು ಇಳಿಯುವ ತನಕ ಒಳಗಿನ ಶಾಖ ಅಳೆಯುತ್ತಾರೆ. ಕೋಣೆಯ ನಡುವೆ, ಸ್ಟ್ಯಾಂಡಿನ ಮೇಲೆ, ಗಡಿಯಾರದಂಥ ಒಂದು ಮೀಟರು. ಅದರ ಮುಳ್ಳು ಕೆಂಪು ಗೆರೆಯ ಕೆಳಗೇ ಇದ್ದರೆ ಶಾಲೆ ಅವನು ಕಟ್ಟಿದ ಹಾಗೇ ಉಳಿಯುತ್ತದೆ. ದಾಟಿದರೆ ಏಸಿ ಬರುತ್ತದೆ. ಏಸಿ ಬಂದರೆ ಗೋಪುರದ ಬಾಯಿಗೆ ಇಟ್ಟಿಗೆ ಕಟ್ಟಬೇಕು, ಕಿಟಕಿಗಳಿಗೆ ಗಾಜು ಬಿಗಿಯಬೇಕು. ಏಸಿಯವರು ಹಿಂದಿನ ವಾರವೇ ಬಂದು ಗೋಡೆಗಳನ್ನು ಅಳೆದುಕೊಂಡು ಹೋಗಿದ್ದರು. ಜೀವ ಇನ್ನೂ ಇರುವಾಗಲೇ ಶವದ ಪೆಟ್ಟಿಗೆಗೆ ಅಳತೆ ತೆಗೆದುಕೊಂಡಂತೆ ಅವನಿಗೆ ಅನ್ನಿಸಿತ್ತು.

ಅಳೆಯಲು ಬಂದಿದ್ದ ಪರೀಕ್ಷಕ ತೆಳ್ಳಗಿನ ಮನುಷ್ಯ. ಮುಖದಲ್ಲಿ ಇಷ್ಟವೂ ಇಲ್ಲ, ಅನಿಷ್ಟವೂ ಇಲ್ಲ. ಬಂದವನೇ ನಿಯಮಗಳನ್ನು ಬಾಯಿಪಾಠ ಒಪ್ಪಿಸಿದ.

‘ಮೀಟರ್ ಮಧ್ಯದಲ್ಲಿರುತ್ತೆ. ಯಾರಾದ್ರೂ ಸೆಕೆ ಅಂದ್ರೆ ಅವರ ಹತ್ರ ಒಯ್ದು ನೋಡ್ಬೇಕು. ಅಲ್ಲಿ ದಾಟಿದ್ರೂ ದಾಟಿದ ಹಾಗೇ.’

‘ಯಾರೂ ಅನ್ನದೇ ಇದ್ರೆ?’ ಎಂದು ಅವನು ಕೇಳಿದ.

‘ಅನ್ನದೇ ಇದ್ರೆ ನಾನ್ಯಾಕೆ ಒಯ್ಯಲಿ?’

ಆ ಮೂಲೆಯ ಕಥೆ ಹೀಗೆ. ಮೊದಲ ನಕ್ಷೆಯಲ್ಲಿ ಅಲ್ಲೊಂದು ಕಿಟಕಿ ಇತ್ತು. ಆಮೇಲೆ ಬೆಂಕಿ ಬಿದ್ದರೆ ಇಳಿಯುವ ಮೆಟ್ಟಿಲು ಆ ಕಡೆಗೆ ಸರಿಯಿತು, ಕಿಟಕಿ ಮುಚ್ಚಿಹೋಯಿತು. ಗಾಳಿ ಹೇಗೆ ಹರಿಯುತ್ತದೆಂದು ಕಂಪ್ಯೂಟರು ಬಣ್ಣದಲ್ಲಿ ತೋರಿಸುತ್ತದೆ. ಇಡೀ ತರಗತಿ ತಣ್ಣನೆಯ ನೀಲಿ, ಆ ಮೂಲೆ ಮಾತ್ರ ಕಿತ್ತಳೆ. ಗಾಳಿ ಅಲ್ಲಿಗೆ ತಿರುಗಿಯೂ ನೋಡುವುದಿಲ್ಲ. ಅವನು ತಲೆಕೆಡಿಸಿಕೊಳ್ಳದೆ ಅಲ್ಲಿ ‘ಪುಸ್ತಕದ ಕಪಾಟು’ ಎಂದು ಬರೆದು ಕೈತೊಳೆದುಕೊಂಡಿದ್ದ. ಪುಸ್ತಕಕ್ಕೆ ಸೆಕೆಯಾಗುವುದಿಲ್ಲ. ಕಟ್ಟಡ ಮುಗಿಯುವ ಹೊತ್ತಿಗೆ ಮಂಡಳಿಯವರು ಪ್ರತಿ ತರಗತಿಗೂ ಇನ್ನೊಂದಿಷ್ಟು ಮಕ್ಕಳನ್ನು ತುರುಕಿದರು. ಕಪಾಟು ಹೊರಗೆ ಹೋಯಿತು, ಕುರ್ಚಿ ಒಳಗೆ ಬಂತು. ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಒಂದು ಮೂಲೆಯ ಮಾತೆತ್ತಿದರೆ ಅವರು ಇಡೀ ಗೋಪುರವನ್ನೇ ಕಿತ್ತುಹಾಕುತ್ತಾರೆಂಬ ಭಯ.

ಈಗ ಆ ಕುರ್ಚಿಗೆ, ಸೆಕೆಯಾದರೂ ಸೆಕೆ ಎನ್ನದವರು ಒಬ್ಬರು ಬೇಕಿತ್ತು.

ಮಗಳು ಕಾರಿಡಾರಿನಲ್ಲಿ ಗೆಳತಿಯರ ಜೊತೆ ನಿಂತಿದ್ದಳು. ರಜೆ ಮುಗಿದರೆ ಅವಳು ಹೈಸ್ಕೂಲು, ಇದೇ ಶಾಲೆ. ಹಾಗೆಂದು ಅವನು ಪಾಯದ ದಿನದಿಂದಲೂ ಹೇಳಿಕೊಂಡು ಬಂದಿದ್ದ. ಪರೀಕ್ಷೆಗೆ ಮಕ್ಕಳು ಸಾಲದೆ ಬಂದಾಗ ಅವಳೇ ಒಬ್ಬೊಬ್ಬರಿಗೂ ಫೋನು ಮಾಡಿ, ಕಾಡಿ ಬೇಡಿ, ಹಳೆಯ ಶಾಲೆಯ ಅರ್ಧಕ್ಕರ್ಧ ತರಗತಿಯನ್ನು ಎಳೆತಂದಿದ್ದಳು. ಅಪ್ಪ ಏನಾದರೂ ಬಾಯಿಬಿಟ್ಟು ಕೇಳಿದ್ದು ಎಷ್ಟೋ ಕಾಲದ ಮೇಲೆ.

ಬೆಳಿಗ್ಗೆ ಕಾರಿನಲ್ಲಿ ಅವಳು ಕೇಳಿದ್ದಳು: ‘ನಾವು ಏನ್ ಮಾಡ್ಬೇಕು ಅಪ್ಪ?’

‘ಏನೂ ಇಲ್ಲ. ಸುಮ್ನೆ ಕೂತಿರೋದು.’

‘ಅಷ್ಟೇನಾ?’

‘ಅಷ್ಟೇ.’

‘ಮತ್ತೆ ನೀನು ನಮ್ಮ ಜೊತೆ ಇರ್ತೀಯಾ?’

‘ಇರ್ತೀನಿ. ಅಂದ್ರೆ, ಅಲ್ಲೇ ಇರ್ತೀನಿ.’

ಎರಡಕ್ಕೂ ಇರುವ ಅಂತರವನ್ನು ಅವಳು ಗಮನಿಸಿದಳೋ ಇಲ್ಲವೋ, ಕಿಟಕಿಯಾಚೆ ನೋಡತೊಡಗಿದ್ದಳು. ಅವನು ಇನ್ನೇನಾದರೂ ಹೇಳಬೇಕೆಂದುಕೊಂಡ. ಸಿಗ್ನಲ್ ಬಿತ್ತು. ಮುಂದಿನ ಕಾರಿನವನನ್ನು ಬೈದು ಆ ಹೊತ್ತನ್ನು ದಾಟಿದ.

ಈಗ ಅವಳನ್ನು ಮೂಲೆಗೆ ಕರೆದುಕೊಂಡು ಹೋದ. ಗೆಳತಿಯರೆಲ್ಲ ಮುಂದೆ ಕಿಟಕಿಯ ಬಳಿ ಗುಂಪು ಕೂಡಿ ಕಿಲಕಿಲ ಅನ್ನುತ್ತಿದ್ದರು.

‘ಇಲ್ಲೇನಾ?’ ಎಂದಳು.

‘ಹ್ಞೂಂ. ಇಲ್ಲೇ.’

‘ಅವರ ಜೊತೆ ಕೂತ್ಕೋಬಾರ್ದಾ?’

‘ಇದು ಮುಖ್ಯವಾದ ಜಾಗ ಪುಟ್ಟಾ. ಯಾರನ್ನೋ ಕೂರಿಸೋಕಾಗಲ್ಲ.’

ಅವಳ ಮುಖ ಸ್ವಲ್ಪ ಅರಳಿತು. ಅಪ್ಪನ ಕೆಲಸದಲ್ಲಿ ತನಗೂ ಒಂದು ಮುಖ್ಯ ಜಾಗ! ಅವಳು ಕುರ್ಚಿ ಎಳೆದು ನೆಟ್ಟಗೆ ಕೂತಳು. ಅವನಿಗೆ ಒಂದು ಕ್ಷಣ ತನ್ನ ಮೇಲೆ ಅಸಹ್ಯ ಹುಟ್ಟಿತು. ಹುಟ್ಟಿದ್ದನ್ನು ಅಲ್ಲೇ ಬಿಟ್ಟು, ಮೀಟರಿನ ಸ್ಟ್ಯಾಂಡು ನೆಟ್ಟಗಿದೆಯೇ ನೋಡಲು ಹೋದ.

ಶುರುವಿನಲ್ಲಿ ಎಲ್ಲ ಸುಸೂತ್ರ. ಮುಖ್ಯೋಪಾಧ್ಯಾಯಿನಿ ಮಕ್ಕಳನ್ನು ಸುಮ್ಮನೆ ಕೂರಿಸಲು ಮನಸ್ಸಾಗದೆ ಕಟ್ಟಡದ ಬಗ್ಗೆಯೇ ಪಾಠ ಹೇಳಿದರು. ಮಣ್ಣಿನ ಗೋಡೆ, ಮಳೆನೀರು, ಬಿಸಿಲಿನಿಂದ ಕರೆಂಟು. ‘ಪ್ರಕೃತಿ ಜೊತೆ ಬದುಕೋದು ಹೇಗೆ ಅಂತ ಈ ಶಾಲೆಯೇ ನಿಮಗೆ ಕಲಿಸುತ್ತೆ’ ಎಂದರು. ಆ ವಾಕ್ಯ ಅವನದೇ. ಶಾಲೆಯ ಪರಿಚಯದ ಹಾಳೆಗೆ ಅವನೇ ಬರೆದುಕೊಟ್ಟಿದ್ದ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಸೋಪಿನ ಜಾಹೀರಾತಿನಂತೆ ಇತ್ತು. ಮಕ್ಕಳು ಆಕಳಿಸಿದರು.

ಅವನು ಬಾಗಿಲ ಬಳಿ ನಿಂತು ಮುಳ್ಳನ್ನೇ ನೋಡುತ್ತಿದ್ದ. ಮಕ್ಕಳ ಮುಖಗಳು ಅವನಿಗೆ ಸರಿಯಾಗಿ ಕಾಣಿಸಲೇ ಇಲ್ಲ. ಒಬ್ಬ ಹುಡುಗ ಎದ್ದು ಕಿಟಕಿಗೆ ಬೆನ್ನು ಕೊಟ್ಟು ನಿಂತಾಗ, ‘ಗಾಳಿಗೆ ಅಡ್ಡ ನಿಂತ’ ಎಂದಷ್ಟೇ ಹೊಳೆಯಿತು. ಒಬ್ಬಳು ಹುಡುಗಿ ಕೊಳದಲ್ಲಿ ಕಪ್ಪೆ ಇದೆಯೆಂದು ಕೂಗಿ, ಅರ್ಧ ತರಗತಿ ಕಿಟಕಿಗೆ ಮುಗಿಬಿದ್ದಾಗ ಅವನಿಗೆ ಮೈಯೆಲ್ಲ ಉರಿಯಿತು.

‘ಕೂತ್ಕೊಳ್ಳಿ! ಎಲ್ಲಾರೂ ಕೂತ್ಕೊಳ್ಳಿ!’

ತನ್ನ ದನಿ ಅಷ್ಟು ಕೆಟ್ಟದಾಗಿ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಮಕ್ಕಳು ತೆಪ್ಪಗೆ ಬಂದು ಕೂತರು. ಮೂಲೆಯಲ್ಲಿ ಮಗಳು ತಲೆ ತಗ್ಗಿಸಿದಳು. ಅಪ್ಪ ಕೂಗಿದ್ದಕ್ಕೆ ಗೆಳತಿಯರ ಮುಂದೆ ಅವಳಿಗೆ ನಾಚಿಕೆ.

ಸೂರ್ಯ ನೆತ್ತಿಗೆ ಬಂದ. ಮುಳ್ಳು ಮೆಲ್ಲಮೆಲ್ಲನೆ ಮೇಲಕ್ಕೆ ಸರಿದು, ಗೆರೆಗೆ ಇನ್ನೇನು ತಾಗುತ್ತದೆ ಎನ್ನುವಲ್ಲಿ ನಿಂತಿತು. ನಿಂತೇ ಇತ್ತು. ಗೋಪುರ ಬಿಸಿಗಾಳಿಯನ್ನು ಎಳೆಯುತ್ತಿತ್ತು. ಅದರ ಬಾಯಿಗೆ ಕಟ್ಟಿದ್ದ ಕಾಗದದ ಚೂರು ಒಳಮುಖವಾಗಿ ಪಟಪಟ ಬಡಿದುಕೊಳ್ಳುತ್ತಿತ್ತು. ಅವನ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಲೆಕ್ಕ ಸರಿ. ಗಾಳಿಗೋಪುರವಂತೆ! ಅಧ್ಯಕ್ಷರು ಬರಲಿ, ಬಂದು ಕಣ್ಣಾರೆ ನೋಡಲಿ.

‘ಅಪ್ಪ.’

ಅವನಿಗೆ ಕೇಳಿಸಿತು. ಕೇಳಿಸಲಿಲ್ಲ ಎನ್ನುವಂತೆ ನಿಂತ.

‘ಅಪ್ಪ, ಇಲ್ಲಿ ಸೆಕೆ ಆಗ್ತಿದೆ.’

ಅವನು ಹತ್ತಿರ ಹೋದ. ಹೋಗಲೇಬೇಕಾಯಿತು. ಮೂಲೆಗೆ ಕಾಲಿಟ್ಟ ಕೂಡಲೇ ಬೇರೆ ಕೋಣೆಗೆ ಬಂದ ಹಾಗಿತ್ತು. ಗಾಳಿ ಗೋಣಿಚೀಲದಷ್ಟು ದಪ್ಪ. ಮಗಳ ಕೂದಲು ಹಣೆಗೆ ಅಂಟಿತ್ತು. ಮೇಲ್ದುಟಿಯ ಮೇಲೆ ಬೆವರ ಹನಿ ಸಾಲುಗಟ್ಟಿತ್ತು. ಇಷ್ಟು ಹೊತ್ತು ಹಲ್ಲುಕಚ್ಚಿ ತಡೆದುಕೊಂಡಿದ್ದಳು ಎಂದು ನೋಡಿದರೇ ಗೊತ್ತಾಗುತ್ತಿತ್ತು.

‘ಸ್ವಲ್ಪ ಹೊತ್ತು ಅಷ್ಟೇ,’ ಎಂದು ಪಿಸುಗುಟ್ಟಿದ. ‘ಮೀಟರ್ ನೋಡು, ಸರಿಯಾಗೇ ಇದೆ.’

‘ಮೀಟರ್ ಅಲ್ಲಿದೆ. ನಾನು ಇಲ್ಲಿದೀನಲ್ಲ.’

‘ಶ್. ಮೆಲ್ಲಗೆ.’

‘ತಲೆ ಸುತ್ತೋ ಹಾಗಾಗ್ತಿದೆ ಅಪ್ಪ.’

ಪರೀಕ್ಷಕ ತನ್ನ ಮೇಜಿನಿಂದ ತಲೆಯೆತ್ತಿದ. ‘ಆ ಮಗು ಏನೋ ಹೇಳ್ತಿದೆ. ಸೆಕೆ ಅಂತಾನಾ?’

ಕೇಳುತ್ತಲೇ ಪರೀಕ್ಷಕ ಎದ್ದು ಬಂದು ಸ್ಟ್ಯಾಂಡಿಗೆ ಕೈಯನ್ನೂ ಹಾಕಿಬಿಟ್ಟ. ಮೀಟರು ಮೂಲೆಗೆ ಬಂದರೆ ಮುಗಿಯಿತು. ಇಟ್ಟಿಗೆ, ಗಾಜು, ಏಸಿ. ಅಧ್ಯಕ್ಷರ ಹಾಸ್ಯ.

‘ಇಲ್ಲ ಇಲ್ಲ,’ ಎಂದು ಅವನು ತಿರುಗಿದ. ‘ಅವಳಿಗೆ ನಿನ್ನೆಯಿಂದ ಸ್ವಲ್ಪ ಜ್ವರ. ಅದಕ್ಕೇ ಹಾಗನ್ನಿಸ್ತಿದೆ.’

‘ಓ. ಜ್ವರಾನಾ?’ ಪರೀಕ್ಷಕ ಸ್ಟ್ಯಾಂಡು ಬಿಟ್ಟು ಮತ್ತೆ ಕೂತ. ‘ಹಾಗಾದ್ರೆ ಲೆಕ್ಕಕ್ಕಿಲ್ಲ.’

ಮಗಳು ಅವನನ್ನು ನೋಡಿದಳು. ಸಿಟ್ಟಿನಿಂದಲ್ಲ. ಗೊತ್ತಿಲ್ಲದ ಮನೆಯ ಬಾಗಿಲು ತಟ್ಟಿದವರು, ತೆರೆದವರನ್ನು ನೋಡುವ ಹಾಗೆ.

‘ನಂಗೆ ಜ್ವರ ಇಲ್ಲ,’ ಎಂದಳು.

‘ಇದೆ ಪುಟ್ಟಾ.’

‘ಇಲ್ಲ ಅಪ್ಪ.’

ತರಗತಿಯಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದರು. ಏನಾದರೊಂದು ಮಾಡಲೇಬೇಕಾಗಿತ್ತು. ಅವನು ಕೈ ಚಾಚಿ ಅವಳ ಹಣೆ ಮುಟ್ಟಿದ. ಬೆವರಿನಿಂದ ಒದ್ದೆಯಾಗಿದ್ದ ಹಣೆ ತಣ್ಣಗಿತ್ತು. ಅವಳು ಚಿಕ್ಕವಳಿದ್ದಾಗ ರಾತ್ರಿಯೆಲ್ಲ ಹೀಗೆ ಮುಟ್ಟಿ ನೋಡುತ್ತಾ ಕೂತಿದ್ದು ನೆನಪಾಯಿತು.

‘ಬಿಸಿ ಇದೆ,’ ಎಂದ.

ಅವಳು ಕುರ್ಚಿಯ ಕಾಲಿಗೆ ಒರಗಿಸಿದ್ದ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಸಾಲುಗಳ ನಡುವೆ, ಯಾರ ಕಾಲನ್ನೂ ತುಳಿಯದಂತೆ, ನಡೆದು ಬಾಗಿಲು ದಾಟಿದಳು. ಅವಸರವಿಲ್ಲ, ಅಳುವಿಲ್ಲ. ಅತ್ತಿದ್ದರೆ ಅವನಿಗೆ ಒಂದು ದಾರಿ ಇರುತ್ತಿತ್ತು. ಸಮಾಧಾನ ಮಾಡುವ ನೆಪದಲ್ಲಿ ಹಿಂದೆ ಹೋಗಬಹುದಿತ್ತು.

ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ ಒಬ್ಬಳು ಗೆಳತಿ ಎದ್ದು ನಿಂತಳು. ‘ಅಂಕಲ್, ಅವಳಿಗೆ ಹುಷಾರಿಲ್ಲ ಅಂದ್ರಲ್ಲ. ಜೊತೆಗೆ ನಾನು ಹೋಗ್ತೀನಿ.’

ತಡೆಯುವುದು ಹೇಗೆ? ಅವನೇ ಹೇಳಿದ್ದಲ್ಲವೇ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತಿಬ್ಬರು. ಕುರ್ಚಿಗಳು ಕಿರ್‌ಕಿರ್ ಎಂದವು. ಮುಖ್ಯೋಪಾಧ್ಯಾಯಿನಿ ‘ಅಯ್ಯೋ, ಒಂದ್ನಿಮಿಷ ಕಣ್ರಮ್ಮಾ, ಏನಿದು, ಕೂತ್ಕೊಳ್ರೋ’ ಎಂದು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು. ಮಕ್ಕಳು ಅವರ ಕೈಯ ಕೆಳಗೆ ನುಸುಳಿ, ಕಪ್ಪೆ ನೋಡಲು ಕೊಳದ ಕಡೆ ಓಡಿದರು. ಹೊರಗೆ ಹೋದಮೇಲೆ ಕೇಕೆ ಹಾಕುತ್ತಿದ್ದರು.

ಕೋಣೆ ಖಾಲಿಯಾಯಿತು.

ಖಾಲಿಯಾದದ್ದೇ ತಡ, ಮುಳ್ಳು ತನ್ನಷ್ಟಕ್ಕೆ ಕೆಳಗಿಳಿಯಿತು. ಕೊಳದ ಗಾಳಿ ಯಾರ ಅಡ್ಡಿಯೂ ಇಲ್ಲದೆ ಹರಿದು ಬಂತು. ಉತ್ತರದ ಬೆಳಕು ಕುರ್ಚಿಗಳ ಬೆನ್ನಿನ ಮೇಲೆ ಒಂದೇ ಸಮನಾಗಿ ಬಿದ್ದು, ಕೋಣೆ ಅವನ ಮನಸ್ಸಿನಲ್ಲಿ ಮೊದಲ ದಿನ ಮೂಡಿದಂತೆಯೇ ಇತ್ತು. ಎಷ್ಟು ಚೆನ್ನಾಗಿದೆ ಎಂದುಕೊಂಡ. ಎದೆ ಹಗುರಾಯಿತು. ಹಗುರಾದದ್ದು ಗೊತ್ತಾದ ಕೂಡಲೇ ಹೆದರಿಕೆಯಾಯಿತು.

ಅವನ ಕಟ್ಟಡಗಳ ಫೋಟೋ ತೆಗೆಯಲು ಬರುವವನು ಮೊದಲು ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದ. ‘ಸಾರ್, ಯಾರೋ ಅಡ್ಡ ಬರ್ತಿದಾರೆ, ಸ್ವಲ್ಪ ಆ ಕಡೆ ಹೋಗೋಕೆ ಹೇಳಿ.’ ಇವನು ಹೋಗಿ ಅವರಿಗೆ ಹಾಗೇ ಹೇಳುತ್ತಿದ್ದ. ಒಂದು ಸಲ ಹೊಸ ಮನೆಯೊಂದರ ಫೋಟೋ ತೆಗೆಯುವಾಗ ಮನೆಯವರನ್ನೇ ಗೇಟಿನಾಚೆ ನಿಲ್ಲಿಸಿದ್ದರು. ಪತ್ರಿಕೆಯಲ್ಲಿ ಅಚ್ಚಾದ ಆ ಚಿತ್ರವನ್ನು ನೋಡಿ ಹೆಂಡತಿ, ‘ಚೆನ್ನಾಗಿದೆ. ಆದ್ರೆ ಯಾರೂ ಇರೋ ಹಾಗೆ ಕಾಣಲ್ಲ’ ಎಂದಿದ್ದಳು. ಅದನ್ನು ಮೆಚ್ಚುಗೆ ಎಂದುಕೊಂಡಿದ್ದ.

‘ಖಾಲಿ ಕೋಣೆ ಅಳೆಯೋಕಾಗಲ್ಲ ಸಾರ್,’ ಎಂದ ಪರೀಕ್ಷಕ. ‘ಈಗೇನ್ ಮಾಡೋಣ?’

‘ಅವರನ್ನ ವಾಪಸ್ ಕರೀಬಹುದು.’

‘ಬರ್ತಾರಾ?’

‘ಗೊತ್ತಿಲ್ಲ.’

‘ಇನ್ನೊಂದು ದಿನ ಇಟ್ಕೊಳ್ಳೋಣ ಅಂದ್ರೆ ಅಧ್ಯಕ್ಷರು ಸಂಜೆ ಬರ್ತಿದಾರಲ್ಲಪ್ಪಾ,’ ಎಂದು ಮುಖ್ಯೋಪಾಧ್ಯಾಯಿನಿ ಸೆರಗಿನಿಂದ ಮುಖ ಒರೆಸಿಕೊಂಡರು. ‘ಏನಾಯ್ತು ಅಂತ ಹೇಳ್ಲಿ ಅವರಿಗೆ?’

ಪರೀಕ್ಷಕ ಗಲ್ಲ ಕೆರೆದುಕೊಂಡ. ‘ವ್ಯಾನಲ್ಲಿ ಡಬ್ಬಿಗಳಿವೆ. ನಿಯಮದ ಪ್ರಕಾರ ಅವೂ ನಡೆಯುತ್ತೆ. ನಾನು ಮೊದಲೇ ಹೇಳಿದ್ದೆ. ಸಾರೇ ಒಪ್ಪಲಿಲ್ಲ.’

ಹೌದು, ಒಪ್ಪಿರಲಿಲ್ಲ. ಸಭೆಯಲ್ಲಿ ಮೇಜು ಕುಟ್ಟಿ, ‘ಮಕ್ಕಳಿಗೋಸ್ಕರ ಕಟ್ಟಿರೋದು, ಮಕ್ಕಳನ್ನೇ ಕೂರಿಸಿ ಅಳೀರಿ’ ಎಂದು ಭಾಷಣ ಬಿಗಿದಿದ್ದ. ಕೆಲವರು ಚಪ್ಪಾಳೆಯನ್ನೂ ತಟ್ಟಿದ್ದರು.

‘ತನ್ನಿ,’ ಎಂದ.

ಡಬ್ಬಿಗಳು ಬಂದವು. ತಗಡಿನವು, ಕಪ್ಪು ಬಣ್ಣ ಬಳಿದವು, ಕೂತ ಮಗುವಿನ ಎತ್ತರದವು. ಒಂದೊಂದರ ಒಳಗೂ ಒಂದು ಬಲ್ಬು. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಎಷ್ಟು ಬಿಸಿ ಹೊರಡುತ್ತದೋ ಅಷ್ಟೇ ಬಿಸಿ ಆ ಬಲ್ಬಿನಿಂದಲೂ ಹೊರಡುತ್ತದೆ. ಲೆಕ್ಕಕ್ಕೆ ಬೇಕಾದದ್ದು ಅಷ್ಟೇ. ಪರೀಕ್ಷಕ ಮತ್ತು ವ್ಯಾನಿನ ಡ್ರೈವರು ಕುರ್ಚಿಗೊಂದರಂತೆ ಇಟ್ಟು, ವೈರುಗಳನ್ನು ಎಳೆದು ಜೋಡಿಸಿದರು. ಅವನೂ ಕೈ ಹಾಕಿದ. ಹುಡುಗಿಯೊಬ್ಬಳು ಮರೆತುಹೋಗಿದ್ದ ಕೂದಲ ಕ್ಲಿಪ್ಪನ್ನು ಕುರ್ಚಿಯಿಂದ ತೆಗೆದು ಜೇಬಿಗಿಟ್ಟು, ಅಲ್ಲಿ ಡಬ್ಬಿ ಇಟ್ಟ.

‘ಇವು ಒಳ್ಳೇವು ಸಾರ್,’ ಎಂದ ಪರೀಕ್ಷಕ. ಆ ದಿನ ಅವನು ಆಡಿದ ಏಕೈಕ ಆತ್ಮೀಯ ಮಾತು. ‘ಗಲಾಟೆ ಮಾಡಲ್ಲ. ಎದ್ದು ಹೋಗಲ್ಲ.’

ಸ್ವಿಚ್ಚು ಒತ್ತಿದಾಗ ಡಬ್ಬಿಗಳ ಮೇಲ್ತುದಿಯ ತೂತುಗಳಿಂದ ಸಣ್ಣಗೆ ಹಳದಿ ಬೆಳಕು ಹೊರಗೆ ಬಂತು. ತರಗತಿ ಮತ್ತೆ ತುಂಬಿತು. ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ನಿಂತು ಒಂದು ಸಲ ನೋಡಿ, ‘ನಾನು ಆಫೀಸಲ್ಲಿರ್ತೀನಿ’ ಎಂದು ಬೇಗ ಬೇಗ ಹೊರಟುಹೋದರು.

ಮೂಲೆಯ ಕುರ್ಚಿಯೊಂದು ಖಾಲಿ ಉಳಿದಿತ್ತು.

‘ಅಲ್ಲಿಗೆ ವೈರ್ ಎಟುಕ್ತಿಲ್ಲ,’ ಎಂದ ಪರೀಕ್ಷಕ. ‘ಪ್ಲಗ್ಗೂ ಇಲ್ಲ ಆ ಕಡೆ. ಯಾಕೆ ಸಾರ್, ಅಲ್ಲಿ ಪ್ಲಗ್ ಕೊಟ್ಟಿಲ್ಲ?’

‘ಕಪಾಟು ಬರಬೇಕಿತ್ತು.’

‘ಹ್ಞಾಂ. ಒಬ್ಬರು ಕಮ್ಮಿ ಆದ್ರೆ ಲೆಕ್ಕ ತಪ್ಪುತ್ತೆ. ನೀವೇ ಕೂತ್ಬಿಡಿ.’

‘ನಾನಾ?’

‘ಯಾರಾದ್ರೂ ಸರಿ. ಲೆಕ್ಕ ಒಂದೇ.’

ಅವನು ಕೂತ. ಮಕ್ಕಳ ಕುರ್ಚಿ, ಮೊಣಕಾಲು ಎದೆಗೆ ಬಂತು. ಪರೀಕ್ಷಕ ಮೀಟರಿನಿಂದ ಪಕ್ಕದ ಕೋಣೆಗೆ ಒಂದು ತಂತಿ ಎಳೆದುಕೊಂಡ. ಅಲ್ಲಿಂದಲೇ ನೋಡುತ್ತಾನಂತೆ. ಹೊರಡುವ ಮುನ್ನ, ‘ಎದ್ದು ಓಡಾಡ್ಬೇಡಿ ಸಾರ್, ಗಾಳಿ ಕದಡುತ್ತೆ. ಏನಾದ್ರೂ ತೊಂದ್ರೆ ಆದ್ರೆ ಹೇಳಿ’ ಎಂದ.

‘ಯಾರಿಗೆ?’ ಎಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಮೊದಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಕುತ್ತಿಗೆಯ ಹಿಂದೆ ಶುರುವಾಯಿತು. ಗೋಡೆ ಬೆಳಗಿನಿಂದ ಕುಡಿದ ಬಿಸಿಲನ್ನು ಬೆನ್ನಿಗೆ ಉಸಿರಾಡುತ್ತಿತ್ತು. ಅಂಗಿ ಅಂಟಿತು. ಕಂಕುಳಿಂದ ಬೆವರು ಪಕ್ಕೆಯ ಗುಂಟ ಇಳಿಯಿತು. ಮುಂದಿನ ಸಾಲಿನ ಡಬ್ಬಿ ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು, ಅದರ ತಗಡು ಕಾಯುತ್ತಾ ಆಗಾಗ ಟಿಕ್ ಎನ್ನುತ್ತಿತ್ತು. ನಡುವೆ ಮೀಟರಿನ ಮುಳ್ಳು ಗೆರೆಯ ಕೆಳಗೆ ನೆಮ್ಮದಿಯಾಗಿ ನಿಂತಿತ್ತು.

ಅವಳು ಇಲ್ಲಿ ಬೆಳಗಿನಿಂದ ಕೂತಿದ್ದಳು. ಮುಖ್ಯವಾದ ಜಾಗವೆಂದು ನಂಬಿ ಕೂತಿದ್ದಳು. ಅವನಿಗೆ ನಾಲಿಗೆ ಒಣಗಿತು.

ಒಂದು ಮಾತು ಅಂದರೆ ಸಾಕು. ‘ಇಲ್ಲಿ ಸೆಕೆ’ ಎಂದರೆ ಪರೀಕ್ಷಕ ಮೀಟರು ಹೊತ್ತು ತರುತ್ತಾನೆ, ಮುಳ್ಳು ದಾಟುತ್ತದೆ, ಅವಳ ಮಾತು ನಿಜವಾಗುತ್ತದೆ. ಕಟ್ಟಡ ಹೋಗುತ್ತದೆ. ಸುಮ್ಮನಿದ್ದರೆ ಕಟ್ಟಡ ಉಳಿಯುತ್ತದೆ. ಅವಳಿಗೆ ಜ್ವರವೂ ಉಳಿಯುತ್ತದೆ. ಹೇಳೋಣ, ಎಂದುಕೊಂಡ. ಇಷ್ಟೆಲ್ಲ ವರ್ಷಗಳ ದುಡಿತ, ಎಂದುಕೊಂಡ. ಒಂದು ಮೂಲೆ ತಾನೇ, ಆಮೇಲೆ ಅಲ್ಲೊಂದು ಕಪಾಟು ಇಡಿಸಿದರಾಯಿತು, ಎಂದುಕೊಂಡ. ಪ್ರತಿಯೊಂದನ್ನೂ ಅಂದುಕೊಂಡಾಗ ಅದೇ ಸರಿ ಅನ್ನಿಸುತ್ತಿತ್ತು.

ಕಿಟಕಿಯಾಚೆ, ಕೊಳದ ದಂಡೆಯಲ್ಲಿ, ಮಗಳು ಕೂತಿರುವುದು ಕಾಣಿಸಿತು. ಗೆಳತಿಯರು ಮನೆಗಳಿಗೆ ಹೋಗಿದ್ದರು. ಅವಳು ಶೂ ಬಿಚ್ಚಿ ಕಾಲು ನೀರಿಗೆ ಇಳಿಬಿಟ್ಟಿದ್ದಳು. ನೀರಿಗೆ ಯಾರೂ ಕಾಲು ಇಡಬಾರದೆಂದು ಅವನೇ ಬೋರ್ಡು ಬರೆಸಿದ್ದ.

ಮಗಳು ಫೋನು ಮಾಡಿದ್ದಳೇನೋ, ಗೇಟಿನ ಕಡೆಯಿಂದ ಹೆಂಡತಿ ಬಂದಳು. ಕಣ್ಣಾಸ್ಪತ್ರೆಯ ಕೆಲಸದಿಂದ ಹಾಗೇ ಎದ್ದು ಬಂದಿರಬೇಕು, ಕೊರಳಲ್ಲಿ ಅಲ್ಲಿನ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಮಗಳು ಏನೋ ಹೇಳಿದಳು. ಸಣ್ಣ ಮಾತು. ಹೆಂಡತಿ ಬಗ್ಗಿ, ಕೈಯ ಹಿಂಭಾಗವನ್ನು ಮಗಳ ಹಣೆಗೆ ಇಟ್ಟಳು. ಕುತ್ತಿಗೆಗೆ ಇಟ್ಟಳು. ಮತ್ತೆ ಹಣೆಗೆ ಇಟ್ಟು, ಇಟ್ಟಲ್ಲೇ ಬಿಟ್ಟಳು. ಆಮೇಲೆ ಇಬ್ಬರೂ ತಲೆಯೆತ್ತಿ ಕಟ್ಟಡವನ್ನು ನೋಡಿದರು.

ಅವನನ್ನು ನೋಡಿದರೋ ಏನೋ. ಆ ದೂರದಿಂದ, ಹೊರಗಿನ ಬಿಸಿಲಿನಿಂದ, ಒಳಗೆ ಸಾಲುಸಾಲಾಗಿ ಕೂತ ಕಪ್ಪು ಆಕಾರಗಳಷ್ಟೇ ಕಂಡಿರಬೇಕು.

ಮಗಳು ಶೂಗಳನ್ನು ಕೈಯಲ್ಲಿ ಹಿಡಿದುಕೊಂಡಳು. ಇಬ್ಬರೂ ಗೇಟಿನ ಕಡೆ ನಡೆದರು. ಓಡಿದರೆ ಹಿಡಿಯಬಹುದಿತ್ತು. ಬಾಗಿಲಿಗೆ ಬೀಗವಿರಲಿಲ್ಲ. ಅವನು ಏಳಬೇಕೆಂದುಕೊಂಡ. ಮೈ ಏಳಲಿಲ್ಲ; ಎದ್ದರೆ ಗಾಳಿ ಕದಡುತ್ತದೆ ಎಂಬ ಮಾತು ಕಾಲುಗಳಿಗೆ ಅವನಿಗಿಂತ ಮೊದಲೇ ಕೇಳಿಸಿತ್ತು.

ಬೆವರು ಕಣ್ಣಿಗೆ ಇಳಿದು ಉರಿಯಿತು. ಅವನ ಬಲಗೈ ತಾನಾಗಿ ಮೇಲೆದ್ದಿತು. ಮೊದಲು ಭುಜದವರೆಗೆ, ಆಮೇಲೆ ತಲೆಗಿಂತ ಎತ್ತರಕ್ಕೆ, ಬೆರಳುಗಳು ಚಾಚಿ, ಹೊರಗೆ ಹೋಗಲು ಅಪ್ಪಣೆ ಕೇಳುವ ಹುಡುಗನ ಕೈಯ ಹಾಗೆ. ಎದುರಿಗೆ ಹೊಸ ಕಪ್ಪು ಹಲಗೆ, ಅದರ ಮುಂದೆ ಮೇಷ್ಟರ ಖಾಲಿ ಕುರ್ಚಿ. ಸುತ್ತಲೂ ಡಬ್ಬಿಗಳು ಅಲುಗದೆ ಕೂತು ಬೆಳಗುತ್ತಿದ್ದವು. ಅವನು ಕೈ ಇಳಿಸಲಿಲ್ಲ.